ಲಿಂಬೆ ಹಚ್ಚಿದ ಮುಖ, ವಿಜಯಪುರದ ಬಿಸಿಲು

ವಿಜಯಪುರ ಜಿಲ್ಲೆಯಲ್ಲಿ ಲಿಂಬೆಗೆ ಬರವಿಲ್ಲ. ಇಂಡಿ ಭಾಗದ ಹಣ್ಣಿಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಶರಬತ್ತಿಗೋ ಉಪ್ಪಿಟ್ಟಿಗೋ ಹಿಂಡಿ ಉಳಿದ ಹೋಳನ್ನು ಮುಖಕ್ಕೆ ತಿಕ್ಕಿಕೊಂಡರೆ ಮೊಡವೆಯ ಕಲೆ ಹೋಗುತ್ತದೆ, ಬಿಸಿಲಿಗೆ ಕಪ್ಪಾದ ಮೈ ತಿಳಿಯಾಗುತ್ತದೆ ಎನ್ನುವವರು ಬಹಳ. ಹಾಗೆ ತಿಕ್ಕಿಕೊಂಡು ಹೊರಗೆ ಹೊರಟರೆ ಆಗುವುದು ಇದರ ತದ್ವಿರುದ್ಧ.

ತೊಂದರೆ ರಸಕ್ಕಿಂತ ಹೆಚ್ಚಾಗಿ ಸಿಪ್ಪೆಯದು. ಸಿಪ್ಪೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುವ ಎಣ್ಣೆಚೀಲಗಳಲ್ಲಿ ಬರ್ಗಾಪ್ಟೆನ್ ಮೊದಲಾದ, ಫ್ಯೂರೋಕೌಮರಿನ್ ಎಂಬ ಗುಂಪಿನ ರಾಸಾಯನಿಕಗಳಿರುತ್ತವೆ. ಹುಳ ಮತ್ತು ಬೂಷ್ಟಿನಿಂದ ತನ್ನನ್ನು ಕಾಯ್ದುಕೊಳ್ಳಲು ಗಿಡ ಇವನ್ನು ತಯಾರಿಸಿಕೊಳ್ಳುತ್ತದೆ. ಹೋಳನ್ನು ಒತ್ತಿ ತಿಕ್ಕಿದಾಗ ಚೀಲ ಒಡೆದು ಎಣ್ಣೆ ಚರ್ಮಕ್ಕೆ ಇಳಿಯುತ್ತದೆ. ನೆರಳಿನಲ್ಲಿ ಕುಳಿತಿದ್ದರೆ ಅದು ಸುಮ್ಮನಿರುತ್ತದೆ. ಬಿಸಿಲಿನಲ್ಲಿರುವ 320ರಿಂದ 400 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಕಿರಣ ತಾಕಿದರೆ ಮಾತ್ರ ಈ ಅಣುಗಳು ಚರ್ಮಕೋಶದ ಡಿಎನ್‌ಎಗೆ ಬಿಗಿಯಾಗಿ ಅಂಟಿಕೊಂಡು ಕೋಶವನ್ನೇ ಕೊಲ್ಲುತ್ತವೆ. ಇದು ಅಲರ್ಜಿಯಲ್ಲ. ಎಣ್ಣೆಯೂ ಬಿಸಿಲೂ ಸಾಕಷ್ಟು ಬಿದ್ದರೆ ಯಾರಿಗೆ ಬೇಕಾದರೂ, ಮೊದಲ ಸಲವೇ ಆಗಬಹುದು.

ಜನ ಮೋಸಹೋಗುವುದು ಸಮಯದ ಲೆಕ್ಕದಲ್ಲಿ. ಹಚ್ಚಿದ ಗಳಿಗೆಗೆ ಉರಿ ಬರುವುದಿಲ್ಲ. ಸುಮಾರು ಒಂದು ದಿನದ ಮೇಲೆ ಚರ್ಮ ಕೆಂಪಾಗಿ, ಎರಡು ಮೂರನೆಯ ದಿನಕ್ಕೆ ಉರಿ ಏರಿ, ಕೆಲವರಿಗೆ ನೀರುಗುಳ್ಳೆ ಏಳುತ್ತದೆ. ಆಮೇಲೆ ಉಳಿಯುವ ಕಂದುಕಪ್ಪು ಪಟ್ಟಿ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಸೋಮವಾರ ತಿಕ್ಕಿದ ಲಿಂಬೆಯನ್ನು ಬುಧವಾರದ ಉರಿಗೆ ಯಾರು ಹೊಣೆ ಮಾಡುತ್ತಾರೆ? ಕಲೆ ಕಂಡು ಮತ್ತೆ ಲಿಂಬೆಯನ್ನೇ ತಿಕ್ಕುವವರಿದ್ದಾರೆ. ಗುರುತು ಹಿಡಿಯುವುದು ಮಾತ್ರ ಸುಲಭ: ರಸ ಇಳಿದ ದಾರಿ ಗೆರೆಯಾಗಿ ಮೂಡಿರುತ್ತದೆ. ಲಿಂಬೆ ಹಿಂಡಿದ ಕೈಯಲ್ಲೇ ಮಗುವನ್ನು ಎತ್ತಿಕೊಂಡರೆ ಮಗುವಿನ ಮೈಮೇಲೆ ಬೆರಳಚ್ಚು ಮೂಡುತ್ತದೆ. ಮಗುವನ್ನು ಯಾರೋ ಹೊಡೆದಿದ್ದಾರೆಂದು ವೈದ್ಯರು ಸಂಶಯಪಟ್ಟ ಪ್ರಸಂಗಗಳೂ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ.

ತೋಟದಲ್ಲಿ ಹಣ್ಣು ಆರಿಸುವವರು, ಲಿಂಬೆ ಸೋಡಾದ ಗಾಡಿ ಇಟ್ಟವರು, ಅಂಗಳದಲ್ಲಿ ಕೂತು ಉಪ್ಪಿನಕಾಯಿಗೆ ಹೆಚ್ಚುವವರು ಬಿಸಿಲಿಗೆ ಹೋಗುವ ಮೊದಲು ಕೈಯನ್ನು ಸಾಬೂನು ಹಚ್ಚಿ ತೊಳೆಯಬೇಕು. ಈ ವಸ್ತು ಎಣ್ಣೆಯಲ್ಲಿ ಕರಗುವಂಥದ್ದಾದ್ದರಿಂದ ಬರೀ ನೀರು ಸಾಲದು. ಬೆರಳ ಸಂದುಗಳನ್ನು ಮರೆಯಬಾರದು. ಬಿಸಿಲು ಬಿದ್ದಾಗಿದ್ದರೆ ಎರಡು ಮೂರು ದಿನ ಆ ಜಾಗವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಿ. ಈ ಕಿರಣ ಕಿಟಕಿಯ ಗಾಜನ್ನೂ ದಾಟುತ್ತದೆ, ಬಸ್ಸಿನ ಕಿಟಕಿ ಪಕ್ಕದ ಸೀಟೂ ಬಿಸಿಲೇ. ಗುಳ್ಳೆಯನ್ನು ಒಡೆಯಬೇಡಿ. ಮುಖದ ತುಂಬ ಎದ್ದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ರಸದ ಬಗ್ಗೆಯೂ ಒಂದು ಮಾತು. ಚರ್ಮದ ಮೇಲ್ಮೈಯ ಪಿಎಚ್ ಸುಮಾರು 5, ಲಿಂಬೆರಸದ್ದು 2ರಿಂದ 2.5. ಹುಳಿಯ ಈ ಅಳತೆಯಲ್ಲಿ ಒಂದಂಕ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಎಂದರೆ ರಸ ನೂರಾರು ಪಟ್ಟು ಹೆಚ್ಚು ಹುಳಿ. ಸಿ ಜೀವಸತ್ವ ಸಿಗುತ್ತದೆಂಬುದು ಸಮಾಧಾನದ ಮಾತು: ಅಂಗಡಿಯ ಸೀರಮ್ಮಿನಲ್ಲಿ ಅದು ಸಾಮಾನ್ಯವಾಗಿ ಶೇ 10ರಿಂದ 20 ಇದ್ದರೆ, 100 ಗ್ರಾಂ ಲಿಂಬೆರಸದಲ್ಲಿರುವುದು ಸುಮಾರು 30 ಮಿಲಿಗ್ರಾಂ, ಶೇ 0.03 ಮಾತ್ರ. ಲಿಂಬೆಯ ಸಿ ಜೀವಸತ್ವ ಹೊಟ್ಟೆಗೇ ಹೋಗಲಿ.

ಲಿಂಬೆಸಿಪ್ಪೆಯ ಫ್ಯೂರೋಕೌಮರಿನ್ ಗುಂಪಿಗೇ ಸೇರಿದ ಸೊರಾಲೆನ್ ಬಾವಂಚಿ ಬೀಜದಲ್ಲಿದೆ, ಅಂಜೂರದ ಎಲೆ ಮತ್ತು ಎಳೆಗಾಯಿಯ ಹಾಲಿನಲ್ಲೂ ಇದೆ. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲಿಗೆ ಕೂರಿಸುವ ಹಳೆಯ ಚಿಕಿತ್ಸೆಯ ಹಿಂದೆ ಇರುವುದೂ ಇದೇ ರಸಾಯನ. ಆಸ್ಪತ್ರೆಯಲ್ಲಾದರೆ ಕಿರಣವನ್ನು ಅಳೆದು ಕೊಡುತ್ತಾರೆ, ಅಂಗಳದ ಬಿಸಿಲಿಗೆ ಅಳತೆಯಿಲ್ಲ. ಈಗ ಬಾಕುಚಿಯೋಲ್ ಎಂಬ ಹೆಸರಿನ ಕ್ರೀಮುಗಳು ಬಂದಿವೆ. ಬಾಕುಚಿಯೋಲ್ ಆ ಬೀಜದಿಂದ ಬೇರ್ಪಡಿಸಿ ಶುದ್ಧಗೊಳಿಸಿದ ಬೇರೆಯೇ ಅಣು, ಬಿಸಿಲಿಗೆ ಸೊರಾಲೆನ್‌ನಂತೆ ಸುಡುವುದಿಲ್ಲ. ಕ್ರೀಮು ದುಬಾರಿಯೆಂದು ಗ್ರಂಥಿಗೆ ಅಂಗಡಿಯ ಬಾವಂಚಿ ಎಣ್ಣೆ ತಂದು ರಾತ್ರಿ ಹಚ್ಚಿ, ಬೆಳಗ್ಗೆ ಹೊಲಕ್ಕೆ ಹೋದರೆ ಸೊರಾಲೆನ್ ಸಮೇತ ಹಚ್ಚಿಕೊಂಡಂತೆ.

ಕೂಸಿನ ಎಣ್ಣೆನೀರಿನ ವಿಷಯದಲ್ಲಿ ನಮ್ಮ ಭಾಗ ಅದೃಷ್ಟದ್ದು. ಎರೆಹೊಲದ ಹಿಂಗಾರಿ ಬೆಳೆಯಾದ ಕುಸುಬಿಯ ಎಣ್ಣೆಯಲ್ಲಿ, ಹಳೆಯ ತಳಿಯದ್ದಾದರೆ, ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಚರ್ಮ ತನ್ನ ಹೊರಪದರದ ತಡೆಗೋಡೆಗೆ ಬಳಸುವ ಕೊಬ್ಬಿನಾಮ್ಲವೇ ಅದು. ಬಾಣಂತಿಗೆ ಉಡುಗೊರೆಯಾಗಿ ಬರುವ ಆಲಿವ್ ಎಣ್ಣೆಯಲ್ಲಿ ಹೆಚ್ಚಿರುವುದು ಓಲಿಕ್ ಆಮ್ಲ. ಅದು ಹೊರಪದರದ ಕೊಬ್ಬಿನ ಜೋಡಣೆಯನ್ನು ಸಡಿಲಿಸುತ್ತದೆ, ಒಳಗಿನ ತೇವ ಹೊರಗೆ ಹೋಗುತ್ತದೆ. ದೊಡ್ಡವರ ಮುಂಗೈಗೆ ಕೆಲವು ವಾರ ಆಲಿವ್ ಎಣ್ಣೆ ಹಚ್ಚಿ ನೋಡಿದ ಪ್ರಯೋಗದಲ್ಲೂ ಚರ್ಮದ ಬಿಗಿ ಕಡಿಮೆಯಾಗಿ ಕೆಂಪೇರಿತ್ತು. ಸಾಸಿವೆ ಎಣ್ಣೆಯ ಘಾಟೂ ಎಳೆಚರ್ಮಕ್ಕೆ ಒಳ್ಳೆಯದಲ್ಲ. ಬೆಲೆ ಹೆಚ್ಚಿದ ಮಾತ್ರಕ್ಕೆ ಎಣ್ಣೆ ಮೇಲಾಗುವುದಿಲ್ಲ. ಆದರೆ ಕುಸುಬಿ ಎಣ್ಣೆ ಬೇಗ ಕೆಡುತ್ತದೆ. 100 ಮಿಲಿಲೀಟರಿನ ಸಣ್ಣ ಬಾಟಲಿಗೆ ಹಾಕಿ ಕತ್ತಲಲ್ಲಿಡಿ, ಕಮಟು ವಾಸನೆ ಬಂದರೆ ಮೈಗೂ ಬೇಡ, ಅಡಿಗೆಗೂ ಬೇಡ.

ಇಸುಬಿನ ಕೂಸಿಗೆ ಗಾಣದ ಶೇಂಗಾ ಎಣ್ಣೆ ಮತ್ತು ಕಡಲೆಹಿಟ್ಟು ಎರಡನ್ನೂ ದೂರವಿಡಿ. ಬಿರಿದ ಚರ್ಮದ ಮೂಲಕ ಆಹಾರದ ಪ್ರೋಟೀನು ಒಳಹೊಕ್ಕರೆ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳಬಹುದು, ಮುಂದೆ ಅದನ್ನು ತಿಂದಾಗ ಅಲರ್ಜಿ ಕಾಣಿಸಿಕೊಳ್ಳಬಹುದು. ದೊಡ್ಡವರೂ ಇದರಿಂದ ಹೊರತಲ್ಲ. ಜಪಾನಿನಲ್ಲಿ ಗೋಧಿಯ ಪ್ರೋಟೀನನ್ನು ಒಡೆದು ಬೆರೆಸಿದ ಮುಖದ ಸಾಬೂನು ಬಳಸಿದವರಲ್ಲಿ 2,000ಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಅಂಟಿಕೊಂಡಿತು. ಅಲ್ಲಿಯವರೆಗೆ ಬ್ರೆಡ್ಡು, ನೂಡಲ್ಸು ಆರಾಮಾಗಿ ತಿನ್ನುತ್ತಿದ್ದವರು ಅವರು.

ಜಾತ್ರೆಯಲ್ಲಿ ಕಲ್ಲು ಅರೆದು ಮಾಡಿದ್ದೆಂದು ಮಾರುವ ಸುರ್ಮಾ ನೂರಕ್ಕೆ ನೂರು ನೈಸರ್ಗಿಕ. ಆ ಕಲ್ಲು ಗೆಲೀನಾ ಆಗಿದ್ದರೆ ಅದು ಸೀಸದ ಸಲ್ಫೈಡ್. ಕೂಸು ಕಣ್ಣುಜ್ಜಿದ ಬೆರಳನ್ನು ಬಾಯಿಗಿಡುತ್ತದೆ, ಸೀಸ ಹೊಟ್ಟೆಗೆ ಹೋಗಿ ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇದರಲ್ಲಿ ಸ್ವಲ್ಪ ಹಚ್ಚಿದರೆ ಪರವಾಗಿಲ್ಲ ಎಂಬುದಿಲ್ಲ. ಕುಂಕುಮದ ಜಾಗದಲ್ಲಿ ಹಣೆ ಬೂದುಗಪ್ಪಾಗುತ್ತಿದ್ದರೆ ಅಗ್ಗದ ಪುಡಿಯ ಕೃತಕ ಬಣ್ಣವನ್ನು ಸಂಶಯಿಸಿ, ಅದನ್ನು ನಿಲ್ಲಿಸಿ.

ಸುಗಂಧ ತೈಲಗಳದು ಬೇರೆ ಕತೆ. ಟೀ ಟ್ರೀ, ಲ್ಯಾವೆಂಡರ್, ಕಿತ್ತಳೆ ಎಣ್ಣೆಗಳಲ್ಲಿರುವ ಲಿಮೊನೀನ್, ಲಿನಲೂಲ್‌ನಂಥ ಅಣುಗಳು ಗಾಳಿ ತಾಕಿ ಹಳತಾದಷ್ಟೂ ಅಲರ್ಜಿ ಹುಟ್ಟಿಸುತ್ತವೆ, ಆದ್ದರಿಂದ ವರ್ಷದ ಹಿಂದೆ ತೆರೆದ ಬಾಟಲಿ ಕಸಕ್ಕೆ. ಹಿಂಡಿ ತೆಗೆದ ಲಿಂಬೆಸಿಪ್ಪೆ ಎಣ್ಣೆಗೆ ಅಂತರರಾಷ್ಟ್ರೀಯ ಸುಗಂಧ ಸಂಘಟನೆ ಇಫ್ರಾ ಇಟ್ಟ ಮಿತಿ, ಹಚ್ಚಿ ತೊಳೆಯದೆ ಬಿಡುವ ವಸ್ತುಗಳಲ್ಲಿ, ಶೇ 0.7. ಎಂದರೆ 100 ಮಿಲಿಲೀಟರಿಗೆ ಹದಿನಾಲ್ಕು ಹನಿಯಷ್ಟು. ಭಟ್ಟಿ ಇಳಿಸಿ ತೆಗೆದದ್ದಕ್ಕೆ ಈ ಬಿಸಿಲಿನ ಭಯವಿಲ್ಲ, ಆದರೆ ಬಾಟಲಿಯ ಮೇಲೆ ಅದನ್ನು ಬರೆದಿರುವುದು ಅಪರೂಪ.

ಲೋಳೆಸರ ಬಿಡಬೇಕಾಗಿಲ್ಲ, ಕುಯ್ಯುವ ಕ್ರಮ ಗೊತ್ತಿದ್ದರೆ ಸಾಕು. ತುರಿಕೆ ತರುವುದು ಸಿಪ್ಪೆಯ ಕೆಳಗಿನ ಹಳದಿ ಹಾಲು. ಎಲೆಯನ್ನು ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ಬದಿ ಕೆಳಗಾಗಿ ಬಟ್ಟಲಲ್ಲಿ 15 ನಿಮಿಷ ನಿಲ್ಲಿಸಿ, ಹಳದಿ ಇಳಿದ ಮೇಲೆ ಸಿಪ್ಪೆ ಹೆರೆದು ತಿರುಳನ್ನು ನೀರಲ್ಲಿ ತೊಳೆಯಿರಿ. ಉಳಿದದ್ದು ಫ್ರಿಜ್ಜಿನಲ್ಲಿದ್ದರೂ ಎರಡು ದಿನಕ್ಕೆ ಮುಗಿಯಲಿ. ಮೊದಲ ಸಲ ಹಚ್ಚುವವರು ಮೊಣಕೈಯ ಒಳಮಡಿಕೆಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಬೇಕು. ಅಲರ್ಜಿ ತಡವಾಗಿ ಬರುವುದರಿಂದ ಒಂದು ರಾತ್ರಿಯ ಪರೀಕ್ಷೆ ಏನನ್ನೂ ಹೇಳುವುದಿಲ್ಲ.

ಪರೀಕ್ಷೆಯನ್ನೂ ಮಾಡದೆ ಕೈಬಿಡಬೇಕಾದವು ಬೇರೆ ಇವೆ. ನರೂಲಿಗೆ ಅರೆದು ಕಟ್ಟಿದ ಹಸಿ ಬೆಳ್ಳುಳ್ಳಿ ಕೆಲವು ಗಂಟೆಗಳಲ್ಲೇ ಸುಟ್ಟ ಗಾಯ ಮಾಡಬಲ್ಲದು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರು ಬೀಜದ ಎಣ್ಣೆ ಅದಕ್ಕಿಂತ ಕೆಟ್ಟದ್ದು. ಮುಳ್ಳು ತೆಗೆಯಲು, ಮಚ್ಚೆ ಉದುರಿಸಲು ಹಚ್ಚುವ ಎಕ್ಕಿ ಹಾಲು ಕಣ್ಣಿಗೆ ಸಿಡಿದರೆ ಅಪಾಯ ಎರಡು ಪಟ್ಟು, ಏಕೆಂದರೆ ಅದು ಕಣ್ಣಿನ ಪಾರದರ್ಶಕ ಪದರವನ್ನು ಮಂಕು ಮಾಡುತ್ತಲೇ ಮರಗಟ್ಟಿಸುತ್ತದೆ. ನೋವಿಲ್ಲ, ದೃಷ್ಟಿ ಮಾತ್ರ ಮಬ್ಬು. ಹರಿಯುವ ಶುದ್ಧ ನೀರಿನಲ್ಲಿ ಕಣ್ಣು ತೆರೆದು 15ರಿಂದ 20 ನಿಮಿಷ ತೊಳೆದು, ನೋವು ಇರಲಿ ಬಿಡಲಿ, ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.