“ನಾನೇ ನೋಡ್ಕೋತೀನಿ ಬಿಡಿ”

ಮನಸ್ಸಿನ ತೊಂದರೆ ಶುರುವಾದ ಮೇಲೆ ಯಾರ ಹತ್ತಿರವಾದರೂ ಹೋಗಿ ಹೇಳಿಕೊಳ್ಳೋಕೆ ಜನ ಎಷ್ಟು ಕಾಲ ತಗೊಳ್ತಾರೆ ಗೊತ್ತಾ? ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ನಡೆಸಿದ ಸಮೀಕ್ಷೆಯ ಲೆಕ್ಕ 2007ರಲ್ಲಿ ಹೊರಬಂತು. ಖಿನ್ನತೆಯಂಥ ತೊಂದರೆಗಳಿಗೆ ದೇಶ ನೋಡಿಕೊಂಡು 1ರಿಂದ 14 ವರ್ಷ, ಆತಂಕದ ಕಾಯಿಲೆಗಳಿಗೆ 3ರಿಂದ 30 ವರ್ಷ. ಇದು ಕೊನೆಗಾದರೂ ಹೋದವರ ಲೆಕ್ಕ. ಹೋಗದೇ ಉಳಿದವರು ಇದರಲ್ಲಿ ಇಲ್ಲವೇ ಇಲ್ಲ.

ದುಡ್ಡಿಲ್ಲ, ಡಾಕ್ಟರು ಸಿಗಲ್ಲ, ಅದಕ್ಕೇ ತಡ ಅನ್ನೋದು ತಟ್ಟನೆ ಹೊಳೆಯುವ ಉತ್ತರ. ಅದೂ ನಿಜವೇ, ಕಾಯಿಲೆ ಜೋರಾಗಿದ್ದವರಿಗಂತೂ ಅದು ದೊಡ್ಡ ಅಡ್ಡಿ. ಆದರೆ ಅದೇ ಸಮೀಕ್ಷೆಗಳಲ್ಲಿ, ಸಹಾಯ ಬೇಕು ಅಂತ ತಮಗೇ ಅನ್ನಿಸಿದ್ದರೂ ಹೋಗದವರಲ್ಲಿ ಸುಮಾರು 64% ಜನ ಕೊಟ್ಟ ಕಾರಣ ಬೇರೆ: ನಾನೇ ನಿಭಾಯಿಸೋಣ ಅಂದುಕೊಂಡೆ.

ಕೇಳೋಕೆ ಇದು ಸ್ವಾಭಿಮಾನದ ಮಾತು. ನನಗೇನೋ ನಾಚಿಕೆ ಅಡಗಿ ಕೂರುವ ಜಾಗವೇ ಇದು ಅನ್ನಿಸುತ್ತೆ. “ಅಂಥವರ” ಬಗ್ಗೆ ಏನು ಅಂದುಕೊಳ್ಳಬೇಕು ಅನ್ನೋದನ್ನ ನಾವು ಚಿಕ್ಕಂದಿನಲ್ಲೇ ಕಲಿತಿರುತ್ತೀವಿ, ತಮಾಷೆಗೆ ಹುಚ್ಚ ಅಂತ ಕರೆದು ನಕ್ಕಿರುತ್ತೀವಿ, ಆಮೇಲೆ ಒಂದು ದಿನ ನಿದ್ದೆ ಬಾರದೆ, ಕಾರಣವಿಲ್ಲದೆ ಅಳು ಬಂದು, ಆ ಗುಂಪಿಗೆ ನಾನೂ ಸೇರಿಬಿಟ್ಟೆನಾ ಅಂತ ಗಾಬರಿಯಾದಾಗ ಅದೇ ನಗು ನಮ್ಮ ಕಡೆಗೇ ತಿರುಗುತ್ತೆ. ಸಂಶೋಧಕರು ಜನರ ತಾತ್ಸಾರವನ್ನೂ ಈ ಒಳಗಿನ ತಾತ್ಸಾರವನ್ನೂ ಬೇರೆಬೇರೆಯಾಗಿಯೇ ನೋಡುತ್ತಾರೆ. ಎರಡನೆಯದಕ್ಕೆ ಎದುರಿಗೆ ಯಾರೂ ಇರಬೇಕಾಗಿಲ್ಲ, ಒಬ್ಬರೇ ಕೋಣೆಯಲ್ಲಿದ್ದರೂ ಸಾಕು.

ಇದನ್ನ ಹೋಗಲಾಡಿಸೋಕೆ ಬಹಳ ಕಾಲ ನಂಬಿದ್ದ ಉಪಾಯ ಅಂದರೆ “ಇದೂ ಒಂದು ಕಾಯಿಲೆ, ಮೆದುಳಿನ ರಾಸಾಯನಿಕದಲ್ಲಿ ಏರುಪೇರು ಅಷ್ಟೇ” ಅಂತ ತಿಳಿಹೇಳೋದು. ಒಳ್ಳೆ ಉದ್ದೇಶವೇ. ಆದರೆ ಅಮೆರಿಕದಲ್ಲಿ 1996ರಲ್ಲಿ ಕೇಳಿದ ಪ್ರಶ್ನೆಗಳನ್ನೇ 2006ರಲ್ಲಿ ಮತ್ತೆ ಕೇಳಿದಾಗ, ಮೆದುಳಿನ ಕಾಯಿಲೆ ಅಂತ ಒಪ್ಪುವವರು ಜಾಸ್ತಿಯಾಗಿದ್ದರು, ಇಂಥವರಿಂದ ದೂರ ಇರಬೇಕು ಅನ್ನುವವರು ಮಾತ್ರ ಕಡಿಮೆಯಾಗಿರಲಿಲ್ಲ! ಯೋಚಿಸಿದರೆ ಅರ್ಥವಾಗುತ್ತೆ. “ತಪ್ಪು ಅವನದಲ್ಲ” ಅಂದಾಗ ಬೈಯೋದು ಕಡಿಮೆಯಾಗುತ್ತೆ, ಆದರೆ “ಮೆದುಳೇ ಹಾಗಿದೆ” ಅಂದಾಗ ಇವನು ಸರಿಹೋಗಲ್ಲ ಅನ್ನೋ ಭಾವನೆಯೂ ಜೊತೆಗೇ ಬರುತ್ತೆ.

ದೊಡ್ಡವರಲ್ಲಿ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಬಹಳ ಸರಳವಾದದ್ದು. ಇದನ್ನ ಅನುಭವಿಸಿ, ಸಹಾಯ ಪಡೆದು, ಈಗ ಮಾಮೂಲಿ ಬದುಕು ನಡೆಸುತ್ತಿರುವ ಒಬ್ಬರ ಜೊತೆ ಮುಖಾಮುಖಿ ಮಾತು. ವಿಡಿಯೊ ತೋರಿಸಿದರೆ ಅಷ್ಟು ಫಲ ಸಿಗಲ್ಲ. ಹದಿಹರೆಯದವರಲ್ಲಿ ಮಾತ್ರ ತಿಳಿಹೇಳುವ ಪಾಠವೇ ವಾಸಿ ಅಂತ ಕಂಡುಬಂದಿದೆ, ಅದೊಂದು ವಿಚಿತ್ರ. ಬಹಿರಂಗವಾಗಿ ಹೇಳಿಕೊಂಡವರಲ್ಲಿ ನಾರ್ವೆಯ ಪ್ರಧಾನಿಯೇ ಒಬ್ಬರು: ಶೆಲ್ ಮಾಗ್ನೆ ಬುಂಡೆವಿಕ್ 1998ರಲ್ಲಿ ಖಿನ್ನತೆಗೆ ರಜೆ ಹಾಕಿದರು, ಕಾರಣವನ್ನ ದೇಶಕ್ಕೇ ಹೇಳಿದರು, ಕೆಲವು ವಾರಗಳಲ್ಲಿ ಕೆಲಸಕ್ಕೆ ವಾಪಸ್ ಬಂದರು. 2001ರಲ್ಲಿ ಮತ್ತೆ ಪ್ರಧಾನಿಯಾದರು.

ಡಾಕ್ಟರ ಹತ್ತಿರ ಹೋದರೆ ಏನು ಮಾಡ್ತಾರೋ ಅನ್ನೋ ಭಯಕ್ಕೂ ಒಂದು ಮಾತು. ಖಿನ್ನತೆ ಅಳೆಯೋಕೆ ತುಂಬಾ ಕಡೆ ಬಳಸುವ ಪಿಎಚ್‌ಕ್ಯೂ-9 ಅನ್ನೋ ಫಾರಂ ಇದೆ, ಒಂದೇ ಹಾಳೆ. ಕಳೆದ 2 ವಾರದಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಓದುವಾಗ ಗಮನ ನಿಲ್ತಿತ್ತಾ, ಮೊದಲು ಖುಷಿ ಕೊಡ್ತಿದ್ದ ಕೆಲಸ ಈಗ ಬೇಡ ಅನ್ನಿಸ್ತಿದೆಯಾ, ಸತ್ತರೇ ಒಳ್ಳೇದು ಅಂತ ಅನ್ನಿಸಿತ್ತಾ – ಹೀಗೆ 9 ಪ್ರಶ್ನೆ. ಒಂದೊಂದಕ್ಕೂ 0ಯಿಂದ 3 ಅಂಕ. ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನಷ್ಟು ವಿಚಾರಿಸುತ್ತಾರೆ. ಕೊನೇ ಪ್ರಶ್ನೆಗೆ ಹೌದು ಅಂದರೆ ಒಟ್ಟು ಎಷ್ಟೇ ಇರಲಿ, ಆ ಬಗ್ಗೆ ಬಿಡಿಸಿ ಕೇಳುತ್ತಾರೆ. ನಿಮ್ಮನ್ನು ಯಾರೂ ಹುಚ್ಚರು ಅಂತ ಬರೆದುಕೊಳ್ಳಲ್ಲ.

ಇನ್ನೊಂದು, ಸಹಾಯ ಕೇಳೋದು ಬೇರೆ, ಎಲ್ಲರಿಗೂ ಹೇಳಿಕೊಂಡು ಬರೋದು ಬೇರೆ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡು ಮೊದಲನೆಯದನ್ನೂ ಬಿಟ್ಟುಬಿಡ್ತಾರೆ. ಕೌನ್ಸೆಲರ್ ಜೊತೆ ಆಡಿದ ಮಾತು ಸಾಮಾನ್ಯವಾಗಿ ಗುಟ್ಟಾಗಿಯೇ ಇರುತ್ತೆ. ಯಾರದಾದರೂ ಜೀವಕ್ಕೆ ಅಪಾಯ ಇದೆ ಅನ್ನಿಸಿದಂಥ ಸಂದರ್ಭ ಹೊರತು. ಯಾವಾಗ ಹೊರಗೆ ಹೇಳಬೇಕಾಗಬಹುದು ಅಂತ ಮೊದಲ ದಿನವೇ ಕೇಳಿಬಿಡಿ, ಅದನ್ನ ವಿವರಿಸೋದೂ ಅವರ ಕೆಲಸವೇ.