ಥಾಯ್ ಅಡುಗೆಗೆ ಥಾಯ್ ಮುಖವೇ ಬೇಕೇ?

ಬೆಂಗಳೂರಿನಲ್ಲಿ ಥಾಯ್ ಅಡುಗೆ ಮಾಡುವ ನಮ್ಮಂಥವರಿಗೆ ಗಿರಾಕಿಗಳಿಂದ ಬರುವ ಮಾಮೂಲಿ ಪ್ರಶ್ನೆ: "ಶೆಫ್ ಥಾಯ್‌ಲ್ಯಾಂಡಿನವರಾ?" ಗ್ರೀನ್ ಕರಿ ಮಾಡಿದವನು ಬೈಂದೂರಿನ ಹುಡುಗ ಎಂದರೆ ಕೆಲವರ ಮುಖ ಸಪ್ಪಗಾಗುತ್ತದೆ. ಪ್ರಶ್ನೆ ಪೂರ್ತಿ ದಡ್ಡತನದ್ದೇನಲ್ಲ. ಹುಟ್ಟಿದೂರಿನ ಊಟ ನಾಲಿಗೆಗೆ ಒಂದು ಅಂದಾಜು ಕಲಿಸಿರುತ್ತದೆ. ಹೊರಗಿನವನು ಅದನ್ನು ದುಡಿದು ಸಂಪಾದಿಸಬೇಕು, ಅಷ್ಟೇ.

ಆ ಹುಡುಗನನ್ನೇ ನೋಡಿ. ಗ್ರೀನ್ ಕರಿಗೆ ಹಾಕುವ ಕಪಿ, ಅಂದರೆ ಹುದುಗಿಸಿದ ಸೀಗಡಿ ಪೇಸ್ಟ್, ಡಬ್ಬಿ ತೆಗೆದರೆ ಸಾಕು, ಹೊಸಬರು ಮೂಗು ಮುಚ್ಚುತ್ತಾರೆ. ಒಣಸೀಗಡಿ ಚಟ್ನಿ ಉಂಡು ಬೆಳೆದ ಅವನಿಗೆ ಅದು ಮೊದಲ ದಿನವೇ ಒಗ್ಗಿತು. ತೆಂಗಿನಹಾಲಿನ ವಿಷಯದಲ್ಲಿ ಮಾತ್ರ ಅದೇ ಕರಾವಳಿಯ ಕೈ ಅಡ್ಡ ಬಂತು. ನಮ್ಮಲ್ಲಿ ನೀರುಹಾಲಿನಲ್ಲಿ ಬೇಯಿಸಿ, ದಪ್ಪ ಹಾಲನ್ನು ಕೊನೆಗೆ ಸೇರಿಸಿ, ಜೋರಾಗಿ ಕುದಿಯುವ ಮುಂಚೆ ಇಳಿಸುತ್ತೇವೆ. ಹಾಲು ಒಡೆದರೆ ಅಡುಗೆಯವನ ಮರ್ಯಾದೆ ಹೋಯಿತು! ಥಾಯ್ ಪದ್ಧತಿ ಇದಕ್ಕೆ ತದ್ವಿರುದ್ಧ. ದಪ್ಪ ಹಾಲನ್ನೇ ಮೊದಲು ಸುರಿದು, ಎಣ್ಣೆ ಬಿಡುವ ತನಕ ಕಾಯಿಸಿ, ಆ ಎಣ್ಣೆಯಲ್ಲಿ ಮಸಾಲೆ ಹುರಿಯಬೇಕು. ಎಣ್ಣೆ ಬಿಡುವ ಹೊತ್ತಿಗೆ ಸರಿಯಾಗಿ ಅವನ ಕೈ ತಾನಾಗಿ ಉರಿ ಸಣ್ಣ ಮಾಡುತ್ತಿತ್ತು. (ಮನೆಯಲ್ಲಿ ಮಾಡುವವರಿಗೆ: ಪೊಟ್ಟಣದ ಹಾಲು ಸುಲಭಕ್ಕೆ ಒಡೆಯುವುದಿಲ್ಲ, ಒಡೆಯದಿರಲೆಂದೇ ಹಲವು ಕಂಪನಿಗಳು ಅದಕ್ಕೆ ಸ್ಟೆಬಿಲೈಸರ್ ಸೇರಿಸುತ್ತವೆ. ಕಾಯಿ ತುರಿದು ಹಿಂಡಿ.) ಮಸಾಲೆಗೆ ಒರಳೇ ಬೇಕು. ಮಿಕ್ಸಿಗೆ ಹಾಕಿದರೆ ನೀರು ಕೇಳುತ್ತದೆ, ನೀರು ಬಿದ್ದ ಮಸಾಲೆ ಹುರಿಯುವ ಬದಲು ಬೇಯುತ್ತದೆ. ಈಗ ಅವನ ಕರಿಯನ್ನು ಥಾಯ್ ಗಿರಾಕಿಗಳೂ ಎರಡನೇ ಸಲ ತರಿಸಿಕೊಳ್ಳುತ್ತಾರೆ.

ನನಗೆ ಇದಕ್ಕಿಂತ ದೊಡ್ಡ ತೊಡಕು ರುಚಿ ನೋಡದ ಅಡುಗೆಯವರದು. ಮಾಂಸದ ಅಡುಗೆ ಮಾಡಿಯೂ ನಾಲಿಗೆಗೆ ತಾಗಿಸದವರು ನಮ್ಮ ಹೋಟೆಲ್‌ಗಳಲ್ಲಿ ಬೇಕಾದಷ್ಟಿದ್ದಾರೆ. ಅವರ ಅಳತೆ ಅಚ್ಚುಕಟ್ಟು. ಆದರೆ ಫಿಶ್ ಸಾಸಿನ (ಉಪ್ಪಿನಲ್ಲಿ ಹುದುಗಿಸಿದ ಮೀನಿನ ರಸ) ಉಪ್ಪು ಬ್ರ್ಯಾಂಡಿಗೊಂದು ಥರ, ನಿಂಬೆಯ ಹುಳಿ ತಿಂಗಳಿಗೊಂದು ಥರ. ಅವರನ್ನು ಸಸ್ಯಾಹಾರಿ ಥಾಯ್ ಅಡುಗೆಗೆ ಹಾಕಿದರೆ ಎಲ್ಲರನ್ನೂ ಮೀರಿಸುತ್ತಾರೆ.

ಆಸ್ಟ್ರೇಲಿಯಾದ ಡೇವಿಡ್ ಥಾಂಪ್ಸನ್ 2001ರಲ್ಲಿ ಲಂಡನ್ನಿನಲ್ಲಿ 'ನಾಮ್' ಎಂಬ ಹೋಟೆಲ್ ತೆರೆದು ಥಾಯ್ ಅಡುಗೆಗೆ ಮಿಶೆಲಿನ್ ಗೈಡಿನ ತಾರೆ (ಹೋಟೆಲ್‌ಗಳಿಗೆ ಸಿಗುವ ದೊಡ್ಡ ಮನ್ನಣೆ) ತಂದವರು. 2010ರಲ್ಲಿ ಬ್ಯಾಂಕಾಕಿಗೇ ಬಂದು 'ನಾಮ್' ಶುರು ಮಾಡಿದಾಗ ಅಲ್ಲಿನ ಕೆಲವರಿಗೆ ಸಿಟ್ಟು ಬಂತು. ಥಾಂಪ್ಸನ್ ಅವರ ಬಂಡವಾಳ ಸಣ್ಣದಲ್ಲ. ಥಾಯ್ ಭಾಷೆ ಕಲಿತರು. ಅಲ್ಲಿ ಅಂತ್ಯಸಂಸ್ಕಾರಕ್ಕೆ ಬಂದವರಿಗೆ ಸ್ಮರಣೆಯ ಪುಸ್ತಕ ಹಂಚುವ ರೂಢಿಯಿದೆ, ಕೆಲವದರಲ್ಲಿ ತೀರಿಕೊಂಡವರ ಮನೆಯ ಅಡುಗೆಗಳೂ ಇರುತ್ತವೆ. ಅಂಥವನ್ನು ಹುಡುಕಿ ಓದಿ, ಮರೆತುಹೋಗುತ್ತಿದ್ದ ಅಡುಗೆಗಳನ್ನು ಒಲೆಗೇರಿಸಿದರು. ಹಾಗಂತ ಸಿಟ್ಟು ಬರೀ ಹೊಟ್ಟೆಕಿಚ್ಚೂ ಅಲ್ಲ. ಲಂಡನ್ನಿನ ಥಾಯ್ ಅಡುಗೆಗೆ ಅಷ್ಟು ಮೊದಲೇ ತಾರೆ ಕೊಟ್ಟ ಮಿಶೆಲಿನ್ ಗೈಡ್ ಬ್ಯಾಂಕಾಕಿಗೆ ಕಾಲಿಟ್ಟದ್ದೇ 2017ರ ಕೊನೆಗೆ. ರಸ್ತೆಬದಿಯಲ್ಲಿ ಇದ್ದಿಲೊಲೆ ಮುಂದೆ ನಿಂತು ಏಡಿ ಆಮ್ಲೆಟ್ ಮಾಡುವ ಜೇ ಫೈಗೆ ತಾರೆ ಸಿಕ್ಕಿದ್ದು ಆಗ, ಎಪ್ಪತ್ತು ದಾಟಿದ ಮೇಲೆ.

ನಮ್ಮ ಹೋಟೆಲ್‌ಗಳದು ಇನ್ನೊಂದು ಬಗೆ. ಬಫೆಯ ವೋಕ್ (ಚೈನೀಸ್ ಬಾಣಲೆ) ಕೌಂಟರಿಗೆ ಮಣಿಪುರದ ಹುಡುಗನನ್ನೋ ನೇಪಾಳದವನನ್ನೋ ನಿಲ್ಲಿಸುತ್ತಾರೆ, ಒಳಗೆ ಸಾಸ್ ಕಾಯಿಸುವವರು ಕುಂದಾಪುರದವರು. ಗಿರಾಕಿಗೆ 'ಅಸಲಿ' ಚೈನೀಸ್ ತಿಂದ ಸಮಾಧಾನ. ಮುಖಕ್ಕೆ ಬೆಲೆ ಬಂತು, ಹುಡುಗನ ಸಂಬಳಕ್ಕೆ ಬರಲಿಲ್ಲ. ಮಾಡಿದವರು ಯಾರೆಂದು ಕೇಳಿ ಉಣ್ಣುವ ಚಾಳಿ ನಮಗೆ ಹಳೆಯದು, ಬಿಡಿ. ಬಿಸಿಯೂಟದವರ ಜಾತಿ ನೋಡಿ ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿದ ಸುದ್ದಿ ಈ ರಾಜ್ಯದಲ್ಲೇ ಓದಿದ್ದೇವೆ.

ಕೆಲಸ ಕೇಳಿಕೊಂಡು ಬಂದವರಿಗೆ ನಾನು ಮೊದಲು ಸೋಮ್ ತಮ್, ಅಂದರೆ ಹಸಿ ಪಪ್ಪಾಯಿ ಸಲಾಡ್, ಮಾಡಲು ಹೇಳುತ್ತೇನೆ. ಹಸಿ ಪಪ್ಪಾಯಿ, ನಿಂಬೆ, ತಾಳೆಬೆಲ್ಲ, ಫಿಶ್ ಸಾಸ್, ಒರಳು ಎಲ್ಲವನ್ನೂ ಮುಂದಿಡುತ್ತೇನೆ. ಅಳತೆ ಚಮಚ ಕೊಡುವುದಿಲ್ಲ.