ಹುಲ್ಲುಹಾಸಿಗೆ ಬೆಂಗಳೂರಿನ ಚಳಿಗಾಲ: ಅಕ್ಟೋಬರ್‌ನಲ್ಲೇ ಮಾಡಬೇಕಾದ ಕೆಲಸ

ದೀಪಾವಳಿ ಕಳೆದು ಕಡಲೆಕಾಯಿ ಪರಿಷೆ ಹತ್ತಿರವಾಗುವ ಹೊತ್ತಿಗೆ ನನಗೆ ಬರುವ ಕರೆಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಮಳೆಗಾಲದಲ್ಲಿ ಹಸಿರು ತುಂಬಿಕೊಂಡಿದ್ದ ಲಾನ್ ಈಗ ಹಳದಿಯಾಗುತ್ತಿದೆ, ಚಳಿಗೆ ಹೀಗಾಗಿರಬೇಕು, ಯೂರಿಯಾ ಹಾಕಿಸೋಣವೇ ಎಂದು ಕೇಳುತ್ತಾರೆ. ನಾನು ಬಂದು ನೋಡುವವರೆಗೆ ಏನನ್ನೂ ಹಾಕಬೇಡಿ ಎನ್ನುತ್ತೇನೆ.

ನಮ್ಮ ಮನೆಗಳ ಮುಂದೆ ಬೆಳೆಯುವ ಗರಿಕೆ, ಮೆಕ್ಸಿಕನ್ ಹುಲ್ಲು, ಅಗಲ ಎಲೆಯ ಬಫೆಲೋ ಹುಲ್ಲು ಮೂರೂ ಬೆಚ್ಚನೆಯ ಹವೆಯನ್ನು ಬಯಸುವ ಜಾತಿಗಳು. ಮಣ್ಣಿನ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಗರಿಕೆ ಬಣ್ಣ ಕಳೆದುಕೊಂಡು ಸುಪ್ತಾವಸ್ಥೆಗೆ ಹೋಗುತ್ತದೆ. ಆದರೆ ಬೆಂಗಳೂರಿನಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶವೇ ಸುಮಾರು 15-16 ಡಿಗ್ರಿ ಇರುತ್ತದೆ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಇಲ್ಲಿನ ಚಳಿ ಹುಲ್ಲಿನ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಹಳದಿಗೆ ಕಾರಣವನ್ನು ಬೇರೆಡೆ ಹುಡುಕಬೇಕು.

ಮೊದಲು ನೋಡಬೇಕಾದದ್ದು ನೆರಳನ್ನು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ನಡುನೆತ್ತಿಯ ಮೇಲೆ ನಿಲ್ಲುವ ಸೂರ್ಯ ಡಿಸೆಂಬರ್ 21ರ ಹೊತ್ತಿಗೆ ದಕ್ಷಿಣಕ್ಕೆ ಎಷ್ಟು ವಾಲಿರುತ್ತಾನೆಂದರೆ, 30 ಅಡಿ ಎತ್ತರದ ಮನೆಯ ನೆರಳು ನಡುಮಧ್ಯಾಹ್ನದಲ್ಲೂ ಉತ್ತರಕ್ಕೆ ಸುಮಾರು 22 ಅಡಿ ಚಾಚಿಕೊಳ್ಳುತ್ತದೆ. ಜೂನ್‌ನಲ್ಲಿ ಅದೇ ಜಾಗಕ್ಕೆ ದಿನವಿಡೀ ಬಿಸಿಲು ಬೀಳುತ್ತಿದ್ದುದರಿಂದ ಮನೆಯವರಿಗೆ ಈ ಬದಲಾವಣೆ ಗಮನಕ್ಕೇ ಬಂದಿರುವುದಿಲ್ಲ. ಗರಿಕೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅದು ಸಿಗದ ಕಡೆ ಯೂರಿಯಾ ಸುರಿದರೆ ಹುಲ್ಲು ಇನ್ನಷ್ಟು ಸಣಕಲಾಗಿ, ಮೆತ್ತಗಾಗಿ ರೋಗಕ್ಕೆ ತುತ್ತಾಗುತ್ತದೆ. ಉತ್ತರದ ಅಂಗಳಕ್ಕೆ ನೆರಳು ತಾಳುವ ಬಫೆಲೋ ಹುಲ್ಲೇ ಸೂಕ್ತ, ಆದರೆ ಅದನ್ನು ಬದಲಿಸಿ ನೆಡಲು ಮುಂದಿನ ಜೂನ್‌ವರೆಗೆ ಕಾಯಬೇಕು.

ಎರಡನೆಯ ಕಾರಣ ಇಬ್ಬನಿ. ಜಯನಗರದ ಒಂದು ಮನೆಯಲ್ಲಿ ಲಾನ್ ಮೇಲೆ ಜೇಡರ ಕಾಟ ಹೆಚ್ಚಾಗಿದೆ ಎಂದು ಎರಡು ಬಾರಿ ಕೀಟನಾಶಕ ಹೊಡೆಸಿದ್ದರು. ಬೆಳಗಿನ ಆರೂವರೆಗೆ ಹೋಗಿ ಮಂಡಿಯೂರಿ ನೋಡಿದಾಗ, ಇಬ್ಬನಿಯ ನಡುವೆ ಹತ್ತಿಯ ಎಳೆಯಂತೆ ಹರಡಿದ್ದ ಬಿಳಿ ಬಲೆ ಶಿಲೀಂಧ್ರದ್ದಾಗಿತ್ತು. ಬಿಸಿಲೇರಿದಂತೆ ಬಲೆ ಮಾಯವಾಗಿ, ಅದರ ಜಾಗದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಒಣಹುಲ್ಲಿನ ಬಣ್ಣದ ಮಚ್ಚೆಗಳು ಉಳಿದವು. ಒಂದೊಂದು ಎಲೆಯಲ್ಲೂ ನಡುವೆ ಬಿಳಿಚಿಕೊಂಡು ಅಂಚಿನಲ್ಲಿ ಕಂದುಗೆರೆ ಮೂಡಿತ್ತು. ಡಾಲರ್ ಸ್ಪಾಟ್ ಎಂದು ಕರೆಯುವ ಈ ರೋಗಕ್ಕೆ ಎಲೆ ಹೆಚ್ಚು ಹೊತ್ತು ಒದ್ದೆಯಾಗಿರುವುದೇ ಅನುಕೂಲ, ಮತ್ತು ಆ ಮನೆಯಲ್ಲಿ ದಿನವೂ ಸಂಜೆ ಏಳಕ್ಕೆ ಸ್ಪ್ರಿಂಕ್ಲರ್ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ನೀರಿನ ಸಮಯವನ್ನು ಬೆಳಗ್ಗೆಗೆ ಬದಲಿಸಿ, ದಿನವೂ ಮುಂಜಾನೆ ಕಡ್ಡಿಪೊರಕೆಯಿಂದ ಇಬ್ಬನಿಯನ್ನು ಹಗುರವಾಗಿ ಕೊಡವಲು ಹೇಳಿದೆ. ಹೊಸ ಮಚ್ಚೆಗಳು ನಿಂತವು. ಪೊರಕೆಯಷ್ಟು ಅಗ್ಗದ ಔಷಧಿ ಇನ್ನೊಂದಿಲ್ಲವೆಂಬುದು ನನ್ನ ಅನುಭವ.

ಇನ್ನು ಸಿದ್ಧತೆಯ ವಿಷಯ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆ ಮಳೆಗೆ, ಒದ್ದೆ ನೆಲದ ಮೇಲಿನ ಓಡಾಟಕ್ಕೆ ನಮ್ಮ ಕೆಂಪು ಮಣ್ಣು ಬಿಗಿದುಕೊಂಡಿರುತ್ತದೆ. ಅಕ್ಟೋಬರ್ ಕೊನೆಯಲ್ಲಿ, ತಡವಾದರೆ ನವೆಂಬರ್ ಮಧ್ಯದೊಳಗೆ, ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗಲೇ ಕವಲು ಹಾರೆಯಿಂದ ಮೂರು ನಾಲ್ಕು ಇಂಚು ಆಳಕ್ಕೆ ಒತ್ತೊತ್ತಾಗಿ ಚುಚ್ಚಿಸಿ, ಆ ತೂತುಗಳಿಗೆ ಮರಳು ಮತ್ತು ಜರಡಿ ಹಿಡಿದ ಎರೆಗೊಬ್ಬರವನ್ನು ಗುಡಿಸಿ ತುಂಬಿಸಬೇಕು. ತೊಳೆಯದ ಎಂ-ಸ್ಯಾಂಡ್ ಬೇಡ. ಅದರ ಕಲ್ಲುಪುಡಿ ತೂತುಗಳನ್ನೇ ಮುಚ್ಚಿಬಿಡುತ್ತದೆ. 1000 ಚದರ ಅಡಿಗೆ ಅರ್ಧ ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅರ್ಧ ಕಿಲೋ ಯೂರಿಯಾವನ್ನು ಒಣ ಮರಳಿನಲ್ಲಿ ಬೆರೆಸಿ, ಎಲೆ ಒಣಗಿರುವಾಗ ಎರಚಿ ಕೂಡಲೇ ನೀರು ಕೊಟ್ಟರೆ ಸಾಕು. ಯೂರಿಯಾದಿಂದ ಸಿಗುವ ಸಾರಜನಕವನ್ನು ಪೂರ್ತಿ ನಿಲ್ಲಿಸಿದರೂ ಡಾಲರ್ ಸ್ಪಾಟ್ ಬರುತ್ತದೆ, ಆದ್ದರಿಂದ ಈ ಮಿತವಾದ ಪ್ರಮಾಣವನ್ನು ಬಿಡಬಾರದು. ಕೊನ್ನಾರಿ ಗೆಡ್ಡೆ ಎಂಬ ಕಳೆಯನ್ನು ಕೀಳುವುದಕ್ಕೂ, ಚುಚ್ಚಿಸಿ ಮಣ್ಣು ಸಡಿಲವಾಗಿರುವ ಇದೇ ಸಮಯ ಒಳ್ಳೆಯದು. ಎಲೆ ಮಾತ್ರ ಕಿತ್ತರೆ ಒಳಗಿನ ಗೆಡ್ಡೆ ಮತ್ತೆ ಚಿಗುರುತ್ತದೆ.

ಮೋವರ್‌ನ ಎತ್ತರವನ್ನು ಮಳೆಗಾಲಕ್ಕಿಂತ ಅರ್ಧ ಇಂಚು ಏರಿಸಿ, ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿದರೆ ಸಾಕಾಗುತ್ತದೆ.

ನೀರಿನ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಕಡಿಮೆಯೇ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ವಿಧಿಸಲು ಹೊರಟಾಗ, ದಿನವೂ ಮೇಲ್ಮೇಲಷ್ಟೇ ನೀರು ಕುಡಿದು ಒಂದೇ ಇಂಚು ಬೇರು ಬಿಟ್ಟಿದ್ದ ಲಾನ್‌ಗಳು ಎರಡೇ ವಾರದಲ್ಲಿ ಒಣಗಿದ್ದನ್ನು ನಾನು ನೋಡಿದ್ದೇನೆ. 1000 ಚದರ ಅಡಿಗೆ ಅರ್ಧ ಇಂಚು ನೀರು ಎಂದರೆ ಸುಮಾರು 1200 ಲೀಟರ್. ಡಿಸೆಂಬರ್‌ನಲ್ಲಿ ಅದನ್ನು ನಾಲ್ಕೈದು ದಿನಕ್ಕೊಮ್ಮೆ ಒಂದೇ ಸಲ ಕೊಟ್ಟರೆ ಬೇರು ನೀರನ್ನು ಹುಡುಕಿಕೊಂಡು ಕೆಳಗಿಳಿಯುತ್ತದೆ. ಹುಲ್ಲಿನ ಮೇಲೆ ನಡೆದು ಹಿಂದಿರುಗಿ ನೋಡಿ: ಹೆಜ್ಜೆಗುರುತು ಹಾಗೆಯೇ ಉಳಿದಿದ್ದರೆ ನೀರು ಬೇಕು, ಹುಲ್ಲು ಪುಟಿದು ನಿಂತಿದ್ದರೆ ಇನ್ನೊಂದು ದಿನ ಕಾಯಬಹುದು.